ಬೆಟ್ಟಮ್ಮನ ಒನ್ಸ್ ಮೋರ್

ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಪಾಂಡವಪುರದ ಬಸ್ಸಿಗೆ ಕಾಯುತ್ತಿದ್ದ ಸ್ಮೃತಿಯ ಕಿವಿ ಪಕ್ಕದ ಬೆಂಚಿಗೇ ಅಂಟಿಕೊಂಡಿತ್ತು. ಹಿಂದೆ ನಾಟಕ ಕಂಪನಿಯಲ್ಲಿ ಹಾಡಿ ಕುಣಿದಿದ್ದ ಮುದುಕಿ ಬೆಟ್ಟಮ್ಮನನ್ನು ಆಕೆಯದೇ ಊರಿನ ಚಲುವರಾಜು ಮಾತಿಗೆಳೆದಿದ್ದ.

"ಸಿನಿಮಾದಲ್ಲೂ ಕುಣ್ದಿದ್ಯಂತಲ್ಲಕ್ಕಾ. ಒಂದೇ ಪಿಚ್ಚರ್‌ಗೆ ಯಾಕ್ ಬುಟ್ಬುಟ್ಟೆ?"

"ನಾನೆಲ್ಲಿ ಬುಟ್ಟೆ, ಅವ್ರೇ ಬುಟ್ರು. ಕುಣ್ದು ಮುಗ್ಸಿದ್ದೇ ಡೈರೆಕ್ಟ್ರು 'ಒನ್ಸ್ ಮೋರ್' ಅಂದ್ರು. ನಾಟಕದಲ್ಲಿ ಜನ ಮೆಚ್ಚಿದ್ರೆ ತಾನೆ ಅಂಗನ್ನೋದು? ಕ್ಯಾಮರಾಗೆ ಕೈಮುಗ್ದು ಇನ್ನೂ ಜೋರಾಗಿ ಕುಣ್ದೆ."

"ಆಮೇಲೆ?"

"ತಿರ್ಗಾ ಅಂದ್ರು. ತಿರ್ಗಾ ಕೈಮುಗ್ದೆ."

"ಅಯ್ಯೋ, ಸರಿಯಾಗಿಲ್ಲ ಅಂತ ಕಣಕ್ಕಾ ಅಂಗಂದಿದ್ದು!"

"ಊರ್ಗೆ ಕಳಿಸ್ದಾಗ ತಿಳೀತು ಕಣ್ಲಾ. ಆದ್ರೂ ಆವತ್ತಿನಂಗೆ ನಾನ್ಯಾವತ್ತೂ ಕುಣ್ದಿಲ್ಲ."

ಅರಕೆರೆ ಬಸ್ಸು ಬಂತು. ಕಾಲೆತ್ತಿದ ಬೆಟ್ಟಮ್ಮನಿಗೆ ಮೆಟ್ಟಿಲು ಎಟುಕಲಿಲ್ಲ.

"ಒನ್ಸ್ ಮೋರ್, ಅಕ್ಕಾ!" ಎಂದ ಚಲುವರಾಜು.

ಅವಳು ತಿರುಗಿ, ಇಡೀ ನಿಲ್ದಾಣಕ್ಕೆ ಕೈಮುಗಿದು, ಬಸ್ಸು ಹತ್ತಿದಳು.