ಅಗ್ರೋದಕದ ಕೊಡ

ಹೊಳೆದಂಡೆಯ ಒಂದು ಊರು ಅಂದುಕೊಳ್ಳಿ. ಅಲ್ಲೊಬ್ಬ ಶ್ರೀಮಂತ. ಕೆಟ್ಟವನಲ್ಲ, ನೋಡಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏಕಾದಶಿಯ ದಿನ ಗುಟುಕು ನೀರೂ ಕುಡಿಯದ ಆಸ್ತಿಕ. ಮರುದಿನ ದ್ವಾದಶಿ. ತಿಥಿ ಬೆಳಗ್ಗೆಯೇ ಮುಗಿಯುತ್ತಿತ್ತು. ಅಷ್ಟರೊಳಗೆ ಪಾರಣೆ ಮಾಡಿ ಉಪವಾಸ ಬಿಡಬೇಕು, ಇಲ್ಲದಿದ್ದರೆ ವ್ರತ ಕೆಟ್ಟಂತೆ.

ಅಭಿಷೇಕ ಮುಗಿದಿದೆ. ಅಗಸೆ ಸೊಪ್ಪಿನ ಪಲ್ಯ ಆಗಿದೆ. ಅನ್ನ ಬಸಿದರೆ ನೈವೇದ್ಯ. ದೇವರಿಗೆಂದೇ ಮಡಿಯಲ್ಲಿ ಸೇದಿದ ಅಗ್ರೋದಕದ ಕೊಡ ಎತ್ತಿಕೊಂಡು ಶ್ರೀಮಂತ ಹಿತ್ತಿಲಿನಿಂದ ಒಳಗೆ ಬರುತ್ತಿದ್ದಾನೆ. ಆಗಲೇ ಅಡುಗೆಯ ತುಂಗಕ್ಕನ ಕೈಮೇಲೆ ಕುದಿಯುವ ಗಂಜಿ ಚೆಲ್ಲಿತು.

ಅಯ್ಯೋ, ಏನು ಉರಿ! ಹೊರಗೆ ಓಡಿದಳು. ಓಡುವಾಗ ಹಗ್ಗದ ಮೇಲಿದ್ದ ಮೈಲಿಗೆ ಬಟ್ಟೆಗೆಲ್ಲ ತಾಗಿ ಮಡಿ ಹೋಯಿತು.

“ರಾಯರೇ, ಒಂದಿಷ್ಟು ನೀರು ಹೊಯ್ಯಿರಿ. ಒಂದೇ ಕೈಲಿ ಸೇದೋಕಾಗ್ತಿಲ್ಲ.”

ಆತ ಹಿಂದೆ ಸರಿದ. “ಮುಟ್ಟಬೇಡ ಮಾರಾಯ್ತಿ! ಹೊತ್ತು ಮೀರ್ತಿದೆ. ಏನು ಮಾಡೋದು, ನಿನ್ನ ಪ್ರಾರಬ್ಧ. ಅನುಭವಿಸಲೇಬೇಕಲ್ಲ.”

ಮಾತು ಸುಳ್ಳೇ? ಸುಳ್ಳಲ್ಲ, ಶಾಸ್ತ್ರದ್ದೇ ಮಾತು. ಆದರೆ ಅದನ್ನು ಹೇಳಿದ ಬಾಯಿ ಯಾರದು?

ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅವನ ತಾಯಿ ಎದ್ದು ಬಂದಳು. ಕೊಡ ಕಿತ್ತುಕೊಂಡು ತುಂಗಕ್ಕನ ಕೈಮೇಲೆ ಸಣ್ಣಗೆ ಸುರಿದಳು.

“ಅಮ್ಮಾ! ಅದು ದೇವರ ನೀರು!”

“ಹೌದಪ್ಪ, ದೇವರ ನೀರೇ. ಇವಳೊಳಗೆ ಕೂತಿರೋನು ಮತ್ಯಾರು, ನಿಮ್ಮಪ್ಪನಾ?”

ಆ ಉರಿಯಲ್ಲೂ ತುಂಗಕ್ಕನಿಗೆ ನಗು ಬಂತು.

“ಕರ್ಮ ಜಡ ಕಣೋ. ಒಲೆ ಪಕ್ಕದ ಸೌದೆ ಹಾಗೆ, ತಾನಾಗಿ ಹೊತ್ತಿಕೊಳ್ಳಲ್ಲ. ಅದಕ್ಕೆ ತಕ್ಕ ಫಲ ಕೊಡೋನು ಹರಿ ಒಬ್ಬನೇ. ಇವಳ ಕೈ ಸುಟ್ಟ ಹೊತ್ತಿಗೇ ನಿನ್ನ ಕೈಗೆ ತುಂಬಿದ ಕೊಡ ಕೊಟ್ಟಿದ್ದನಲ್ಲ, ಅದು ಕಾಣಲಿಲ್ಲವಾ?”

ಕೊಡ ಬರಿದಾಯಿತು. ಆತ ತಾನೇ ಇನ್ನೊಂದು ಕೊಡ ಸೇದಿ ತಂದ. ತುಂಗಕ್ಕನ ಸುಟ್ಟ ಕೈಯನ್ನು ಹಿಡಿದುಕೊಂಡು, ನೀರು ಹೊಯ್ಯುತ್ತ ಕೂತ. ಮಡಿ ಹೋಯಿತು. ನೈವೇದ್ಯಕ್ಕೆ ಹೊತ್ತು ಉಳಿಯಲಿಲ್ಲ.

ತಾಯಿ ಅಭಿಷೇಕದ ತೀರ್ಥ ತಂದು ಒಂದು ಉದ್ಧರಣೆ ಅವನ ಅಂಗೈಗೆ ಹಾಕಿದಳು. “ಕುಡಿ. ಪಾರಣೆಗೆ ಇಷ್ಟು ಸಾಕು. ಕೃಷ್ಣಾರ್ಪಣ ಅನ್ನು.”

ದಿನಾ ಅನ್ನುತ್ತಿದ್ದ ಮಾತೇ. ಅವತ್ತು ತುಂಗಕ್ಕನ ಕೈ ನೋಡುತ್ತ ಅಂದ.

ಈಗ ನಮ್ಮ ಮನೆಗೆ ಬರೋಣ. ಪಕ್ಕದವರ ಮಗುವಿಗೆ ಕಾಯಿಲೆ. ನಾದಿನಿಗೆ ಮಕ್ಕಳಾಗಲಿಲ್ಲ. ಏನನ್ನುತ್ತೇವೆ? ಅವರ ಕರ್ಮ! ನೀವು ಕಂಡಿದ್ದೀರಾ ಅವರ ಕರ್ಮವನ್ನು? ನಾನಂತೂ ಕಂಡಿಲ್ಲ. ಅದನ್ನು ಕಂಡು ಫಲ ಕೊಡುವವನು ಸ್ವತಂತ್ರ, ನಾವು ಅವನ ಅಧೀನರು. ಅವನ ಪೀಠದಲ್ಲಿ ನಾವ್ಯಾಕೆ ಹೋಗಿ ಕೂರಬೇಕು?

ನಿಮ್ಮ ಕಷ್ಟಕ್ಕೆ ‘ನನ್ನ ಕರ್ಮ’ ಅಂದುಕೊಳ್ಳಿ, ತಾಳ್ಮೆ ಬರುತ್ತದೆ. ಇನ್ನೊಬ್ಬರ ಕಷ್ಟ ಕಂಡಾಗ ಆ ಮಾತು ನಾಲಿಗೆಗೆ ಬಂದರೆ ನುಂಗಿಬಿಡಿ. ನುಂಗಿ, ನಿಮ್ಮ ಕೈಯಲ್ಲಿ ಹರಿ ಏನಿಟ್ಟಿದ್ದಾನೆ ನೋಡಿಕೊಳ್ಳಿ. ಒಂದು ಡಬ್ಬಿ ಊಟವೋ, ಆಸ್ಪತ್ರೆಗೆ ಕರೆದೊಯ್ಯುವ ಗಾಡಿಯೋ, ಪಕ್ಕದಲ್ಲಿ ಕೂರುವಷ್ಟು ಪುರುಸೊತ್ತೋ.

ಮೊದಲು ನೀರು ಹೊಯ್ಯಿರಿ. ಕೃಷ್ಣಾರ್ಪಣ ಆಮೇಲೆ ಅಂದರೂ ಅವನು ಕಾಯುತ್ತಾನೆ.