ಬಾವಿಕಟ್ಟೆ ಮೇಲಿದ್ದ ರಟ್ಟಿನ ಡಬ್ಬ

ಲೈಟು ಬೇಡ, ಹಾಗೇ ಕೂತ್ಕೊಳ್ಳಿ. ಇದು ಯಾರೋ ಕಟ್ಟಿದ ಕತೆಯಲ್ಲ, ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ಅವನ ಬಾಯಿ ಬಿಡಿಸೋ ಹೊತ್ತಿಗೆ ನನಗೆ ಸಾಕುಸಾಕಾಯ್ತು. ಹೆದರಿಕೆಗಲ್ಲ ಅವನು ಬಾಯಿ ಮುಚ್ಚಿಕೊಂಡಿದ್ದು... ನಾಚಿಕೆಗೆ.

ಬೆಳಗಾದ್ರೆ ಅವನು ಬಾಡಿಗೆ ಮನೆ ಖಾಲಿ ಮಾಡಬೇಕು, ಲಾರಿ ಬರುತ್ತೆ. ಗಾಜಿನ ಪಾತ್ರೆಗಳೆಲ್ಲ ಇನ್ನೂ ಕಪಾಟಲ್ಲೇ. ರಟ್ಟಿನ ಡಬ್ಬ ತನ್ನಿ, ಡಬ್ಬ ತನ್ನಿ ಅಂತ ಅತ್ತಿಗೆ ವಾರದಿಂದ ಬಡ್ಕೋತಾನೇ ಇದ್ರು. ನಮ್ಮಣ್ಣನೋ ಜಂಬದ ಕೋಳಿ. ಅಂಗಡಿಯವರೆಲ್ಲ ನಾನು ಹೇಳಿದ್ರೆ ಇಲ್ಲ ಅನ್ನಲ್ಲ ಅಂತಿದ್ದ. ಕೊನೇ ರಾತ್ರಿ ಹೋದ್ರೆ ಔಷಧಿ ಅಂಗಡಿಯವನು ಎಲ್ಲಾನೂ ಗುಜರಿಗೆ ಹಾಕಿಬಿಟ್ಟಿದ್ದ. ದಿನಸಿಯವನು ಒದ್ದೆಯಾಗಿ ಜೋತುಬಿದ್ದ ಒಂದನ್ನ ತೋರಿಸಿ ನಕ್ಕ. ಟೇಪಿನ ಸುರುಳಿ ಒಂದು ಬಿಟ್ರೆ ಬರಿಗೈಯಲ್ಲಿ ವಾಪಸ್ ಹೊರಟ.

ಓಣಿ ತಿರುವಲ್ಲಿ ಹಳೇ ಬಾವಿ... ಕಟ್ಟೆ ಮೇಲೆ ಮೂರು ಡಬ್ಬ. ಗಟ್ಟಿಯಾದವು.

ಯಾರವು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಮನೆ ಟೈಲರಮ್ಮ ಹೋದ ವಾರ ತೀರಿಕೊಂಡಿದ್ರು. ಅವರ ಸಾಮಾನು ತಂಗಿ ಬಂದು ಬೆಳಗ್ಗೆ ತಗೊಂಡು ಹೋಗ್ತಾರೆ, ಯಾರೂ ಮುಟ್ಟಬೇಡಿ ಅಂತ ಓನರು ಎಲ್ಲರಿಗೂ ಹೇಳಿದ್ದ. ಅಣ್ಣನ ಅಂಗಿಗೆ ಆ ಅಮ್ಮ ಎಷ್ಟು ಸಲ ಗುಂಡಿ ಹಾಕಿಕೊಟ್ಟಿದ್ರೋ. ಅಂಗಿ ಯಾವ ಬಣ್ಣದ್ದಾದ್ರೂ ಇರಲಿ, ಗುಂಡಿಗೆ ಮಾತ್ರ ಕೆಂಪು ದಾರ. ನಾನು ಹಾಕಿದ್ದು ಅಂತ ಗೊತ್ತಾಗಬೇಡ್ವಾ, ಅನ್ನೋರು.

ಅಣ್ಣ ಆಚೀಚೆ ನೋಡಿದ. ಡಬ್ಬಗಳನ್ನ ಬೋರಲು ಹಾಕಿದ. ತುಂಡುಬಟ್ಟೆ ರಾಶಿ ದೊಪ್ ಅಂತ ಬಿತ್ತು. ಗುಂಡಿ ತುಂಬಿದ್ದ ತಗಡಿನ ಡಬ್ಬಿ ಉರುಳಿತು... ಗರಗರಗರ... ಅಂಚಿಗೆ ಟಣ್... ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಗುಳುಂ.

ಡಬ್ಬ ಎತ್ತೋ ಅವಸರದಲ್ಲಿ ಅವನ ಎದೆ ಮೇಲಿನ ಗುಂಡಿಯೂ ಕಿತ್ತುಹೋಯ್ತು. ಅತ್ತಿಗೆ ಬಾಗಿಲು ತೆಗೆದು, ಅಂಗಡಿಯವರು ಕೊಟ್ರಾ, ಪಾಪ ಸುಮ್ಮನೆ ನಿಮ್ಮನ್ನ ಬೈದೆ ಅಂದ್ರಂತೆ. ಇವನು ಹೂಂ ಅಂದ. ತಲೆ ಎತ್ತೋಕಾಗಲಿಲ್ಲ ಕಣೇ, ಅಂದ ನನ್ನ ಹತ್ರ.

ಸುತ್ತೋಕೆ ಕಾಗದವೂ ಇರಲಿಲ್ಲ. ಲೋಟ, ಬಟ್ಟಲು ಎಲ್ಲ ಹಾಗೇ ಜೋಡಿಸಿ, ಟೇಪು ಎಳೆದು ಮಲಗಿದ್ರು.

ಎಷ್ಟು ಹೊತ್ತಾಗಿತ್ತೋ... ಚರ್ರ್ರ್... ಯಾರೋ ಟೇಪು ಕೀಳ್ತಿದ್ದಾರೆ. ನಿಧಾನಕ್ಕೆ. ಆಮೇಲೆ ಕತ್ತರಿ. ಕಚ್... ಕಚ್...

"ಮಗಾ... ಗಾಜಿಗೆ ಗಾಜು ತಾಗಿಸಿ ಇಡ್ತಾರೇನೋ?"

ಟೈಲರಮ್ಮನದೇ ದನಿ. ಅಣ್ಣ ಮಲಗಿದಲ್ಲಿಂದಲೇ, "ಅಮ್ಮಾ... ತಪ್ಪಾಯ್ತು" ಅಂದ.

"ಮಲಕ್ಕೋ. ಬೆಳಗ್ಗೆ ನನ್ನ ತಂಗಿಗೆ ಹೇಳು."

ಬೆಳಗ್ಗೆ ನೋಡಿದ್ರೆ ಡಬ್ಬಗಳ ಟೇಪು ಹಾಕಿದ ಹಾಗೇ ಇತ್ತು. ಕೆಟ್ಟ ಕನಸು ಅಂದ್ಕೊಂಡ. ಲಾರಿಗೆ ಸಾಮಾನು ಏರಿಸ್ತಿದ್ದಾಗ ಆ ತಂಗಿ ಬಂದ್ರು, ಕೋಲೂರಿಕೊಂಡು. ಬಾವಿಕಟ್ಟೆ ಮೇಲೆ ಒಂದು ಚೂರು ಬಟ್ಟೆಯೂ ಇರಲಿಲ್ಲ. ಸುತ್ತ ಹುಡುಕಿ ಹುಡುಕಿ ಕೊನೆಗೆ ಇವನ ಮುಂದೆ ನಿಂತ್ರು. ಅಕ್ಕನ ಸಾಮಾನು ನೋಡಿದ್ರಾ ಅಂತ ಕೇಳಿದ್ರು. ಅತ್ತಿಗೆ ಪಕ್ಕದಲ್ಲೇ ಇದ್ರು.

ಇಲ್ಲ ಅಂದುಬಿಟ್ಟ.

ನನಗೆ ಸಿಟ್ಟು ಬರೋದು ಇದಕ್ಕೇ. ದೆವ್ವ ಬಂದು ಬುದ್ಧಿ ಹೇಳಿ ಹೋದ್ರೂ ಮಹಾರಾಯನಿಗೆ ಹೆಂಡತಿ ಮುಂದೆ ಮಾನದ ಚಿಂತೆ.

ಅವತ್ತು ಸಂಜೆ ಹೊಸ ಮನೇಲಿ ಅತ್ತಿಗೆ ಮೊದಲ ಡಬ್ಬ ಬಿಚ್ಚಿದ್ರು. ಒಂದೊಂದು ಲೋಟಕ್ಕೂ ಒಂದೊಂದು ತುಂಡುಬಟ್ಟೆ... ಅಳತೆಗೆ ಕತ್ತರಿಸಿ ಸುತ್ತಿತ್ತು. ಯಾವುದೂ ಒಡೆದಿರಲಿಲ್ಲ. ಇದು ಯಾರದ್ರೀ ಅಂದ್ರು ಅತ್ತಿಗೆ. ಅಣ್ಣ ಅಲ್ಲೇ ಕುಸಿದು ಕೂತು, ಅಳ್ತಾ ಎಲ್ಲ ಹೇಳಿದ.

ಅತ್ತಿಗೆ ಬೈಯಲಿಲ್ಲ. ಅಷ್ಟೂ ಬಟ್ಟೆ ಮಡಚಿ ಅವನ ಕೈಗಿಟ್ಟು ಬಾಗಿಲು ತೋರಿಸಿದ್ರು.

ಓನರನ್ನ ಕೇಳಿಕೊಂಡು ತಂಗಿಯ ಮನೆ ಹುಡುಕಿದ. ಕಾಲಿಗೆ ಬಿದ್ದ. ಆ ಮುದುಕಿ ಬಟ್ಟೆಗಳನ್ನ ಮೂಸಿ ನೋಡಿ, ಎದೆಗೊತ್ತಿಕೊಂಡ್ರು. ಗುಂಡಿ ಡಬ್ಬಿ ಎಲ್ಲಿ ಅಂತ ಕೇಳಿದ್ರು. ಬಾವಿಗೆ ಬಿತ್ತು ಅಂತ ತಲೆ ತಗ್ಗಿಸಿದ. ಅಷ್ಟರಲ್ಲಿ ಅವರ ಕಣ್ಣು ಇವನ ಎದೆ ಮೇಲೆ ನಿಂತಿತು. ಬಟ್ಟೆಯೆಲ್ಲ ಗಂಟು ಕಟ್ಟಿದ್ದರಿಂದ ರಾತ್ರಿಯ ಅಂಗಿಯಲ್ಲೇ ಇದ್ದ ಅವನು.

"ಇದು ನಮ್ಮಕ್ಕ ಹಾಕಿದ್ದಲ್ವಾ?"

ಕಿತ್ತುಹೋದ ಜಾಗದಲ್ಲಿ ಗುಂಡಿ... ಕೆಂಪು ದಾರ. ಅಣ್ಣ ಮುಟ್ಟಿದ. ತಣ್ಣಗೆ, ಒದ್ದೆ.

ನಗೋರು ನಗಿ. ಆ ಅಂಗಿ ಈಗಲೂ ಅಣ್ಣನ ಮನೇಲಿದೆ, ನಾನೇ ಒಗೆದು ಒಣಗಿಸಿದೀನಿ. ಸುಡುಬಿಸಿಲಲ್ಲಿ ಅಂಗಿ ಗರಿಗರಿಯಾಗಿ ಒಣಗುತ್ತೆ. ಆ ದಾರ ಒಣಗಲ್ಲ.