ಹಾವಿಸ್‌ಳ ನೀಲಿ

ಮಾನ್ಯ ಅಧ್ಯಕ್ಷರೇ, ಪೂಜ್ಯ ಪಾದ್ರಿಗಳೇ, ಲಿಂಕನ್ ನಗರದ ಬಣ್ಣಗಾರರ ಸಂಘದ ಬಂಧುಗಳೇ, ಅಡುಗೆಮನೆಯ ಘಮಕ್ಕೆ ಮೂಗರಳಿಸಿ ಕುಳಿತಿರುವ ಸಭಿಕರೇ,

'ವೈಮಂಡನ ನೀಲಿ' ಎಂದು ನೀವೇ ಹೆಸರಿಟ್ಟ ಬಣ್ಣಕ್ಕಾಗಿ ಈ ವೈಮಂಡನನ್ನು ಸನ್ಮಾನಿಸುತ್ತಿದ್ದೀರಿ. ದೊಡ್ಡ ಮನಸ್ಸು ನಿಮ್ಮದು. ಆದರೆ ಆ ನೀಲಿಯ ಕಥೆ ನಿಮಗೆಷ್ಟು ಗೊತ್ತು?

ಮಹಾಮಾರಿ ಬಂದ ವರ್ಷ ನೆನಪಿದೆಯೇ? ಹೆಂಗಸರ ಶೃಂಗಾರ ಕಂಡು ದೇವರು ಮುನಿದನೆಂದು ಚರ್ಚಿನಲ್ಲಿ ಬೋಧನೆಯಾಯಿತು. ನಾವು ಗಂಡಸರು ತಲೆಯಾಡಿಸಿದೆವು. ಆ ಬೇಸಿಗೆಯಲ್ಲೇ ನನ್ನ ಹೆಂಡತಿ ಅಮಾಬಿಲ್‌ಳ ಕಂಕುಳಲ್ಲಿ ಆ ರೋಗದ ಗಡ್ಡೆ ಎದ್ದಿತು. ವೈದ್ಯರನ್ನು ಕರೆತರಲು ಹೋದೆ ಎಂದು ಇಪ್ಪತ್ತೊಂದು ವರ್ಷ ಹೇಳುತ್ತ ಬಂದಿದ್ದೇನೆ. ಹೋದದ್ದು ನಿಜ, ಬಂಧುಗಳೇ. ಮರಳಿದ್ದು ಮೂರು ತಿಂಗಳ ಮೇಲೆ.

ಪಕ್ಕದ ಮನೆಯ ಹಾವಿಸ್, ಗಂಡನನ್ನು ಮಣ್ಣುಮಾಡಿ ಇನ್ನೂ ವಾರವಾಗಿರದ ಹೆಂಗಸು, ಅಮಾಬಿಲ್‌ಗೆ ನೀರು ಕುಡಿಸಿದಳು, ತೊಡೆಯ ಮೇಲೆ ಮಲಗಿಸಿಕೊಂಡಳು, ತಾನೇ ಬಣ್ಣ ಹಾಕಿದ ಹೊಸ ನೀಲಿ ಬಟ್ಟೆಯಲ್ಲಿ ಸುತ್ತಿ ಮಣ್ಣಿಗಿಟ್ಟಳು. ನಾನು ಬಂದಾಗ ಕೇಳಿದ್ದು ಒಂದೇ ಮಾತು: "ಊಟ ಆಯ್ತಾ, ವೈಮಂಡ್?"

ಆಗ ದುಡಿಯುವವರೇ ಉಳಿದಿರಲಿಲ್ಲ. ಗಂಡ ಬಿಟ್ಟುಹೋದ, ಬಟ್ಟೆ ಅದ್ದುವ ಬಣ್ಣದ ಬಾನಿಗಳನ್ನು ಹಾವಿಸ್ ತಾನೇ ನಡೆಸಿದಾಗ ಸಂಘ ಹೊಗಳಿತು. ಹತ್ತು ವರ್ಷ ಕಳೆಯಿತು, ಊರಿನ ಹುಡುಗರು ದುಡಿಯುವಷ್ಟು ಬೆಳೆದರು. ಹೊಗಳಿದ ಬಾಯಲ್ಲೇ, ಮರುಮದುವೆಯಾಗದ ವಿಧವೆ ಬಾನಿ ಇಡಕೂಡದು ಎಂದೆವು. ಆ ನಿರ್ಣಯ ಬರೆದವನು ನಾನು. ಯಾಕೆ? ಹೇಳಿಯೇಬಿಡುತ್ತೇನೆ. ಮರುದಿನವೇ ಅವಳ ಬಾಗಿಲಿಗೆ ಹೋಗಿ, "ನನ್ನನ್ನ ಮದ್ವೆ ಆಗು, ಬಾನಿ ಉಳಿಯುತ್ತೆ" ಅಂದೆ.

"ಬೇಲಿ ಹಾಕಿ ಆಮೇಲೆ ಕರೀತೀಯಾ? ನಾನೇನು ಕುರೀನಾ?" ಎಂದು ನಕ್ಕಳು. "ಮದ್ವೆ ಬೇಡ ಮಾರಾಯ, ನಿನ್ನ ಹತ್ರ ಕೂಲಿಗೆ ಬರ್ತೀನಿ. ನಿನ್ನ ನೀಲಿ ನೋಡೋಕಾಗಲ್ಲ, ಹಳಸಿದ ಗಂಜಿ ಇದ್ದಂಗಿದೆ!"

ಹನ್ನೊಂದು ವರ್ಷ ನೀವು ಕೊಂಡಾಡಿದ ಒಂದೊಂದು ಗಜ ನೀಲಿ ಬಟ್ಟೆಯೂ ಅವಳ ಕೈಯದು. ನಾನು ಹೋದದ್ದು ವೈದ್ಯರಿಗಾಗಿ ಅಲ್ಲ, ರೋಗಕ್ಕೆ ಹೆದರಿ ಓಡಿಹೋದದ್ದು ಎಂದು ಅವಳೊಬ್ಬಳಿಗೇ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಈ ಸಭೆಯಲ್ಲಿ ನಾನು ತಲೆ ಎತ್ತುವಂತಿರಲಿಲ್ಲ. ಆಡಿದಳೇ? ಇಲ್ಲ.

ಈ ಬೆಳಿಗ್ಗೆ ಹಾವಿಸ್‌ಗೆ, "ಇವತ್ತು ಎಲ್ಲಾ ಹೇಳಿಬಿಡ್ತೀನಿ" ಅಂದೆ. ಬಾನಿಯಿಂದ ಕೈ ತೆಗೆದು ಒರೆಸಿಕೊಂಡಳು.

"ಹೇಳು. ಅಮಾಬಿಲ್ ಕೊನೇವರೆಗೂ ಬಾಗಿಲ ಕಡೆನೇ ನೋಡ್ತಿದ್ಲು. ಅದನ್ನೂ ಹೇಳು."

ಹೇಳಿದ್ದೇನೆ. ಆ ನಿರ್ಣಯವನ್ನು ಇಂದೇ ಅಳಿಸಿ, ಬಾನಿಗಳನ್ನು ಅವಳ ಹೆಸರಿಗೆ ಬರೆಯಬೇಕೆಂದು ಕೇಳುತ್ತೇನೆ. ಆಗದಿದ್ದರೆ ಸಂಘದಿಂದ ನನ್ನ ಹೆಸರನ್ನೂ ಹೊಡೆದುಹಾಕಿ. ಬೇರೆ ಊರಿನಲ್ಲಿ ಅವಳು ಬಾನಿ ಇಡಲಿ, ನಾನು ನೀರು ಹೊರುತ್ತೇನೆ.

ಊಟ ಆರುತ್ತಿದ್ದರೂ ಕುಳಿತು ಕೇಳಿದಿರಿ. ನಿಮ್ಮೆಲ್ಲರಿಗೂ ಕೃತಜ್ಞತೆ, ನಮಸ್ಕಾರ.